ಕೊಟ್ಟ ಹೆಣ್ಣಿನ ಹೆಸರು

ಬ್ಯಾಲಂಟೈನ್, ಷಾರ್ಲೆಟ್
ರವಿವಾರ, ಸೆಪ್ಟೆಂಬರ್ 3, 2023

ತಂಗಿ ನೀಲಗಂಗಾಳಿಗೆ ಅಣ್ಣ ಗುರುಸಿದ್ದಪ್ಪನ ಶರಣು.

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿದ ಕೂಡಲೇ ಇದನ್ನು ಒಲೆಗೆ ಹಾಕಲು ಎದ್ದಿರುತ್ತೀ. ಹಾಕಬೇಡ. ನಿಮ್ಮ ಗದಗದಲ್ಲೂ ಈಗ ಎಲ್ಲರ ಮನೆಯಲ್ಲಿ ಗ್ಯಾಸಿನ ಒಲೆ. ಕಾಗದ ಸುಟ್ಟರೆ ಬರ್ನರ್ ಕಟ್ಟಿಕೊಳ್ಳುತ್ತದೆ. ಬರ್ನರಿನ ಮೇಲಿನ ಕರುಣೆಯಿಂದಲಾದರೂ ಕೂತು ಓದು.

ತಡವಾದದ್ದಕ್ಕೆ ಕ್ಷಮೆ ಇರಲಿ. ಎಷ್ಟು ತಡವೆಂದರೆ, ಮೊದಲ ಸಲ ಬರೆಯಬೇಕು ಎಂದುಕೊಂಡಾಗ ನಿನ್ನ ಮಗಳು ಶ್ರೀದೇವಿ ಎರಡು ಜಡೆ ಹಾಕಿಕೊಂಡು ಸಾಲಿಗೆ ಹೋಗುತ್ತಿದ್ದಳು. ಈಗ ಆಕೆಯ ಮಗಳಿಗೆ ವರ ನೋಡುತ್ತಿದ್ದೀರಂತೆ. ಮೂವತ್ತನಾಲ್ಕು ವರ್ಷ. ಈ ನಡುವೆ ಮದುವೆಯಲ್ಲೋ ಮಣ್ಣಿನಲ್ಲೋ ಎದುರಾದಾಗ ‘ಆರಾಮ?’ ಎಂದು ನಾನು, ‘ಆರಾಮ’ ಎಂದು ನೀನು, ಅಷ್ಟೇ. ಎರಿ ಹೊಲದ ಹಕ್ಕಿಗೆ ಮಾಡಿಸಿದ ವಂಶಾವಳಿಯಲ್ಲಿ ಅಪ್ಪ ನಿನ್ನ ಹೆಸರು ಹಾಕಿಸಲಿಲ್ಲವೆಂದು ನೀನು ಹಿಡಿದ ಸಿಟ್ಟು ಅವನು ಮಣ್ಣಾದ ಮೇಲೂ ಇಳಿದಿಲ್ಲ, ಅವನ ಹೆಸರನ್ನೇ ನೀನು ಎತ್ತುವುದಿಲ್ಲ ಎಂದು ಶ್ರೀದೇವಿ ಫೋನಿನಲ್ಲಿ ಹೇಳಿದಳು. ಅದನ್ನು ಕೇಳಿ ಇಪ್ಪತ್ತು ದಿನವಾಯಿತು. ಇಪ್ಪತ್ತು ದಿನದಿಂದ ಈ ಪತ್ರವನ್ನು ಸುರು ಮಾಡುತ್ತಿದ್ದೇನೆ, ಹರಿದು ಬಿಸಾಡುತ್ತಿದ್ದೇನೆ.

ನನ್ನ ಸುದ್ದಿ ಕೇಳು. ಈ ಊರಿಗೆ ಬ್ಯಾಲಂಟೈನ್ ಎಂದು ಹೆಸರಿಟ್ಟವನು ಬಾಳು ಇಲ್ಲಿಗೆ ಅಂಟಿಕೊಳ್ಳಲಿ ಎಂದೇ ಇಟ್ಟಿರಬೇಕು. ನಿನ್ನ ವೈನಿ ತೀರಿಕೊಂಡ ಮೇಲೆ ಮಗ ಅಭಿನವ ನನ್ನನ್ನು ಕರೆತಂದು ಎರಡೂವರೆ ವರ್ಷವಾಯಿತು, ನನಗಿನ್ನೂ ಅಂಟಿಲ್ಲ. ಸೊಸೆಯ ಹೆಸರು ಸ್ಮಿತಾ, ಆದರೆ ನನ್ನ ಕಡೆ ನೋಡಿ ಸ್ಮಿತ ಮಾಡುವುದು ವಾರಕ್ಕೊಮ್ಮೆ. ತಪ್ಪು ಆಕೆಯದಲ್ಲ. ನಾನು ಬಂದ ಹೊಸದರಲ್ಲಿ ಓಣಿಯ ಒಬ್ಬ ಬಿಳಿ ಹೆಣ್ಣುಮಗಳು, ಹಣೆಯ ಮೇಲಿನ ಮೂರು ವಿಭೂತಿ ಗೆರೆ ಏನು ಎಂದು ಕೇಳಿದಳು. ‘ಒಂದು ಗೆರೆಗೆ ಒಬ್ಬ ಹೆಂಡತಿ’ ಎಂದುಬಿಟ್ಟೆ. ಒಂದು ವಾರ ಇಡೀ ಓಣಿ ಅಭಿನವನ ಇಬ್ಬರು ಮಲತಾಯಿಯರನ್ನು ಹುಡುಕಿತು.

ಅಂದಿನಿಂದ ಸ್ಮಿತಾ ನನ್ನನ್ನು ಮನೆಯಲ್ಲಿ ಒಬ್ಬನನ್ನೇ ಬಿಡುವುದಿಲ್ಲ. ಆಫೀಸಿಗೆ ಹೋಗುವಾಗ ಲೈಬ್ರರಿಯಲ್ಲಿ ಇಳಿಸಿ, ಬರುವಾಗ ಹತ್ತಿಸಿಕೊಳ್ಳುತ್ತಾಳೆ. ಲೈಬ್ರರಿ ಎಂದರೆ ಏನೆಂದುಕೊಂಡೆ? ‘ಲೇ, ಬರ್ರಿ’ ಎಂದು ಕರೆಯುವ ಜಾಗ. ನಾನು ಹೋದೆ. ಹೋಗಿ ಮಾಡಿದ ಒಂದು ಕಿತಾಪತಿಯಿಂದ ಎಂಬತ್ನಾಲ್ಕು ವರ್ಷದ ಒಬ್ಬ ಮುದುಕಿ ಇವತ್ತು ತನ್ನ ಮನೆತನದ ಹೊರಗೆ ನಿಂತಿದ್ದಾಳೆ. ಆಕೆ ಒಳಗೆ ಬಂದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ನಿನಗೆ ಹೇಳಬೇಕು.

ಆ ಲೈಬ್ರರಿಯಲ್ಲಿ ಜನ ತಮ್ಮ ಹಿರಿಯರನ್ನು ಹುಡುಕುವ ಒಂದು ಕೋಣೆ ಇದೆ. ಹಳೆಯ ಜನಗಣತಿ, ಮದುವೆ ರಜಿಸ್ಟರು, ಸತ್ತವರ ಪಟ್ಟಿ, ಎಲ್ಲ ಕಂಪ್ಯೂಟರಿನಲ್ಲಿ. ನಾನು ಅಲ್ಲಿ ಕೂರುತ್ತಿದ್ದದ್ದು ಆ ಕೋಣೆಯ ಎಸಿ ಚೆನ್ನಾಗಿದೆ ಎಂಬ ಕಾರಣಕ್ಕೆ. ಪಕ್ಕದ ಕುರ್ಚಿಯಲ್ಲಿ ದಿನಾ ಬರುವ ಒಬ್ಬ ಕಪ್ಪು ಜನಾಂಗದ ಅಜ್ಜಿ, ಅರ್ನೆಸ್ಟೀನ್. ನನಗಿಂತ ಎರಡು ವರ್ಷ ದೊಡ್ಡವಳು, ಹಾಗಾಗಿ ನನಗೆ ಅರ್ನೆಸ್ಟೀನಕ್ಕ. ಮೂವತ್ತು ವರ್ಷ ಸಾಲಿಯಲ್ಲಿ ಗಣಿತ ಕಲಿಸಿದವಳು. ಇಲ್ಲಿನ ದಕ್ಷಿಣದವರು ಇಂಗ್ಲಿಷನ್ನು ಎಳೆದೆಳೆದು ಆಡುತ್ತಾರೆ, ನನ್ನ ಕಿವಿಗೆ ಅದು ನಮ್ಮ ಕಡೆಯ ಮಾತಿನ ಹಾಗೆಯೇ ಬೀಳುತ್ತದೆ. ಹಾಗೆಯೇ ಬರೆಯುತ್ತೇನೆ.

“ನಿಮಗ ನಿಮ್ಮ ಹಿರೇರು ಎಷ್ಟು ತಲಿ ಗೊತ್ತು, ಮಿಸ್ಟರ್ ಗುರು?” ಎಂದು ಒಂದು ದಿನ ಕೇಳಿದಳು.

“ಏಳು ತಲಿ.”

“ಅಬ್ಬಬ್ಬಾ! ಭಾಳ ದೊಡ್ಡ ಆಸ್ತಿ ಬಿಡ್ರಿ. ನಂದು ಮೂರಕ್ಕ ನಿಂತೈತಿ.”

ಮೂರನೆಯ ತಲೆ ಆಕೆಯ ಮುತ್ತಜ್ಜಿ, ಹೆಸರು ಹೆಸ್ಟರ್. 1870ರ ಜನಗಣತಿಯಲ್ಲಿ ‘ಹೆಸ್ಟರ್, ವಯಸ್ಸು ಹತ್ತೊಂಬತ್ತು’ ಎಂದಿದೆ. ಅದರ ಹಿಂದೆ ಹೋದರೆ ಗೋಡೆ. ಆಗ ಆ ಜನ ಗುಲಾಮರು. 1860ರ ಪಟ್ಟಿಯಲ್ಲಿ ಒಡೆಯನ ಹೆಸರಿದೆ, ಅದರ ಕೆಳಗೆ ‘ಹೆಣ್ಣು, ಒಂಬತ್ತು ವರ್ಷ’, ‘ಗಂಡು, ನಲವತ್ತು ವರ್ಷ’, ಇಷ್ಟೇ. ಯಾರಿಗೂ ಹೆಸರಿಲ್ಲ. ಆ ‘ಹೆಣ್ಣು, ಒಂಬತ್ತು’ ತನ್ನ ಹೆಸ್ಟರ್ ಇರಬಹುದು ಎಂದು ಅರ್ನೆಸ್ಟೀನಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಕೂರುತ್ತಿದ್ದಳು. ಆದರೆ ಆಕೆಯ ಅಪ್ಪ ಯಾರು, ಅವ್ವ ಯಾರು?

ನಾನು ಮೂವತ್ತಾರು ವರ್ಷ ಊರ ಹೊಲಮನೆಗಳ ದಾಖಲೆ ಬರೆದು ತಲಾಟಿಕಿ ಮಾಡಿದವನು. ದಾಖಲೆ ಇಲ್ಲದ ಮನೆತನದ ವಂಶಾವಳಿಯನ್ನು ನಾವು ಹೇಗೆ ಮಾಡುತ್ತಿದ್ದೆವು ಎಂದು ನಿನಗೆ ಗೊತ್ತಲ್ಲ. ಚಾವಡಿ ಕಟ್ಟೆಗೆ ಐದು ಜನ ಹಿರಿಯರನ್ನು ಕೂರಿಸುವುದು, ‘ಇವರ ಮನೆತನ ಬಲ್ಲಿರೇನು?’ ಎಂದು ಕೇಳುವುದು, ಹೇಳಿದ್ದನ್ನು ಬರೆದು ಐವರ ಸಹಿ ತಗೊಳ್ಳುವುದು. (ಎಷ್ಟೋ ಮನೆಗಳಲ್ಲಿ ವಂಶಾವಳಿಯ ಮರುದಿನವೇ ವಂಶ-ಹಾವಳಿ ಸುರುವಾಗುತ್ತಿತ್ತು, ಆ ಮಾತು ಬೇರೆ.) ಇದನ್ನು ಅರ್ನೆಸ್ಟೀನಕ್ಕನಿಗೆ ಹೇಳಿದೆ. ಗಣಿತದ ಮಾಸ್ತರಿಣಿ ಕನ್ನಡಕ ತೆಗೆದು ನನ್ನನ್ನು ನೋಡಿದಳು. “ಐದು ಮಂದಿ ಯಾಕ? ನಮ್ಮ ಚರ್ಚಿನಾಗ ಹನ್ನೊಂದು ಮಂದಿ ಮುದುಕರದಾರ.”

ಹೋದ ವರ್ಷದ ಮೇ ತಿಂಗಳು, ಅವರ ಚರ್ಚಿನ ಊಟದ ಹಾಲಿನಲ್ಲಿ ಪಂಚನಾಮೆ ಆಯಿತು. ಐವರನ್ನೇ ಆರಿಸಿದೆ. ಎಲ್ಲರಿಗಿಂತ ಹಿರಿಯ ಲೂಥರಜ್ಜ, ತೊಂಬತ್ತೆರಡು ವರ್ಷ. ಅವನ ಅಜ್ಜಿ ಹೆಸ್ಟರಳ ಗೆಳತಿ, ಬಾಯಿಂದ ಬಾಯಿಗೆ ಬಂದ ಮಾತೆಲ್ಲ ಅವನಲ್ಲಿತ್ತು. ಹೆಸ್ಟರಳ ಅಪ್ಪ ಐಸಾಕ್. ಅವ್ವ ವೈನಿ. (ನಮ್ಮಲ್ಲಿ ಅತ್ತಿಗೆಗೆ ‘ವೈನಿ’ ಎನ್ನುವ ಹಾಗೆಯೇ ಎಂದು ನಾನು ನಕ್ಕೆ, ಅವರಿಗೂ ಬಿಡಿಸಿ ಹೇಳಿದೆ, ಅವರೂ ನಕ್ಕರು.) ಅಣ್ಣಂದಿರು ಪ್ರಿನ್ಸ್, ಜೇಕಬ್. ಅರ್ನೆಸ್ಟೀನಕ್ಕ ಕೈಚೀಲದಿಂದ ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡಳು. ಎಂಬತ್ತು ವರ್ಷಕ್ಕೆ ಆಕೆಗೆ ಇನ್ನೊಂದು ತಲೆ ಸಿಕ್ಕಿತ್ತು.

ಆಮೇಲೆ ಲೂಥರಜ್ಜ ಇನ್ನೊಂದು ಮಾತು ಹೇಳಿದ. ಉಳಿದವರು ಆಗ ಪೀಚ್ ಹಣ್ಣಿನ ಕಡುಬಿನಂಥದ್ದನ್ನು ಹಂಚಿಕೊಳ್ಳುತ್ತಿದ್ದರು. ಪೆನ್ನು ಹಿಡಿದು ಅವನ ಎದುರಿಗೆ ಕೂತಿದ್ದವನು ನಾನೊಬ್ಬನೇ.

“ಹೆಸ್ಟರಗ ಒಬ್ಬಾಕಿ ಅಕ್ಕ ಇದ್ಲು, ಡಾರ್ಕಸ್ ಅಂತ. ಒಡೆಯನ ಮಗಳ ಮದುವ್ಯಾಗ ಆಕೀನ್ನ ಕೊಟ್ಟುಬಿಟ್ರು. ಹಾಸಿಗಿ, ಹಸು, ಡಾರ್ಕಸ್. ಸೌತ್ ಕ್ಯಾರೊಲಿನಾಕ್ಕ ಹೋದ್ಲು. ಹನ್ನೊಂದು ವರ್ಷದಾಕಿ.”

ನನಗೆ ಸ್ಪಷ್ಟವಾಗಿ ಕೇಳಿಸಿತು, ನೀಲವ್ವ. ಅರ್ಥವೂ ಆಯಿತು. ಪೆನ್ನು ಕಾಗದದ ಮೇಲೆಯೇ ಇತ್ತು. ಅದು ಕದಲಲಿಲ್ಲ. ಕೊಟ್ಟ ಹೆಣ್ಣು. ಕೊಟ್ಟ ಹೆಣ್ಣಿನ ಹೆಸರು ವಂಶಾವಳಿಗೆ ಹಚ್ಚುವುದಿಲ್ಲ. ಸರಕಾರ ಹಾಗೆ ಹೇಳಿರಲಿಲ್ಲ, ನಮ್ಮ ಕೈಗೆ ಹಾಗೆ ರೂಢಿಯಾಗಿತ್ತು. ಊರಲ್ಲಿ ಯಾರೇ ಬರಲಿ, ‘ಗಂಡುಮಕ್ಕಳು ಎಷ್ಟು?’ ಎಂದು ಕೇಳಿ ಗೆರೆ ಎಳೆಯುತ್ತಿದ್ದೆ. ಹೆಸ್ಟರಳ ಹೆಸರು ಹತ್ತಿದ್ದೂ ಆಕೆ ಅರ್ಜಿದಾರಳ ಮುತ್ತಜ್ಜಿ ಎಂಬ ಕಾರಣಕ್ಕೆ. ಐಸಾಕ್, ಕೆಳಗೆ ಪ್ರಿನ್ಸ್, ಜೇಕಬ್, ಹೆಸ್ಟರ್. ಗೆರೆ ಎಳೆದು ‘ಬೇರೆ ಯಾರೂ ಇರುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಅದೂ ರೂಢಿಯ ವಾಕ್ಯ. ಐವರೂ ಸಹಿ ಹಾಕಿದರು. ಲೂಥರಜ್ಜನಿಗೆ ಅಕ್ಷರ ಕಾಣುತ್ತಿರಲಿಲ್ಲ, ನಾನು ತೋರಿಸಿದ ಕಡೆ ಗೀಚಿದ.

ಇಷ್ಟಕ್ಕೆ ನಿಂತಿದ್ದರೆ ನಾನು ಗುರುಸಿದ್ದಪ್ಪ ಹೇಗಾದೇನು? ಮನೆಗೆ ಬಂದು ಗೆಣಸೊಂದನ್ನು ಅರ್ಧ ಕೊಯ್ದು ಗುಂಡನೆಯ ಮುದ್ರೆ ಕೆತ್ತಿದೆ. ‘ತಲಾಟಿ, ಷಾರ್ಲೆಟ್’ ಎಂದು ಕನ್ನಡದಲ್ಲಿ, ನಡುವೆ ಒಂದು ನವಿಲು. ಅಕ್ಷರ ತಿರುಗಾಮುರುಗಾ ಕೆತ್ತುವುದಕ್ಕೆ ಮೂರು ಗೆಣಸು ಹಾಳಾದವು. ನೀಲಿ ಶಾಯಿಯಲ್ಲಿ ಒತ್ತಿ ಕೊಟ್ಟೆ. ಅವರು ಭಾರತ ಸರಕಾರದ್ದೇ ಮುದ್ರೆ ಎಂದುಕೊಂಡರು, ನಾನು ಅಲ್ಲವೆನ್ನಲಿಲ್ಲ. ಅರ್ನೆಸ್ಟೀನಕ್ಕನ ಸೋದರಳಿಯ ಅದನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ. ಇಪ್ಪತ್ಮೂರು ಮನೆಯವರು ಅದನ್ನೇ ಪುರಾವೆ ಎಂದು ತಮ್ಮ ವಂಶವೃಕ್ಷಕ್ಕೆ ಅಂಟಿಸಿಕೊಂಡರು.

ಈ ಜನವರಿಯಲ್ಲಿ ಲೂಥರಜ್ಜ ಹೋದ. ಏಪ್ರಿಲ್‌ನಲ್ಲಿ ಅರ್ನೆಸ್ಟೀನಕ್ಕನಿಗೆ ಒಂದು ಕಾಗದ ಬಂತು, ಗಡಿಯಾಚೆಯ ರಾಕ್ ಹಿಲ್ ಊರಿನಿಂದ. ಬರೆದವಳು ಕ್ಲಿಯೋರಾ ಎಂಬ ಮುದುಕಿ. ‘ನನ್ನ ಮುತ್ತಜ್ಜಿ ಡಾರ್ಕಸ್. ಷಾರ್ಲೆಟ್ ಕಡೆ ಹೆಸ್ಟರ್ ಎಂಬ ತಂಗಿಯನ್ನು ಬಿಟ್ಟುಬಂದೆ ಎಂದು ಸಾಯುವ ತನಕ ಹೇಳುತ್ತಿದ್ದಳಂತೆ. ನಾನು ಒಂಟಿ, ಎಂಬತ್ನಾಲ್ಕು ವರ್ಷ. ಆಗಸ್ಟಿನಲ್ಲಿ ನಿಮ್ಮ ಮನೆತನದವರೆಲ್ಲ ಸೇರುತ್ತೀರಂತೆ. ನಾನೂ ಬರಲೇ?’

ಅರ್ನೆಸ್ಟೀನಕ್ಕನಿಗೆ ಇಂಥವರ ಮೇಲೆ ಅನುಮಾನ. ಹಿಂದೆ ಒಬ್ಬ ತಾನೂ ಹೆಸ್ಟರಳ ವಂಶದವನೆಂದು ಬಂದು, ಮನೆಯ ಹಳೆಯ ಫೋಟೋಗಳನ್ನೆಲ್ಲ ಒಯ್ದು ಮಾಯವಾಗಿದ್ದ. ತನ್ನ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿ ಕೇಳಿದಳು.

“ಮಿಸ್ಟರ್ ಗುರು, ಲೂಥರ್ ಹೇಳಿದ್ದನ್ನ ಅಕ್ಷರಾ ಅಕ್ಷರಾ ಬರಕೊಂಡಾವರು ನೀವು. ಡಾರ್ಕಸ್ ಅಂತ ಯಾರದರ ಹೆಸರು ತಗದಿದ್ನೇನು?”

ಹೌದು ಎನ್ನಬೇಕಿತ್ತು. ಆದರೆ ಅದೇ ಅಡುಗೆಮನೆಯಲ್ಲಿ, ಅದೇ ಕುರ್ಚಿಯಲ್ಲಿ ಕೂತು, ‘ಮೂವತ್ತಾರು ವರ್ಷದಾಗ ನನ್ನ ಒಂದು ಗೆರಿ ತಪ್ಪಿಲ್ಲ’ ಎಂದು ಎಷ್ಟು ಸಲ ಬಡಾಯಿ ಕೊಚ್ಚಿದ್ದೆನೋ.

“ಇಲ್ರೀ” ಎಂದೆ.

ಆಕೆ ಅಂದೇ ರಾಕ್ ಹಿಲ್‌ಗೆ ಬರೆದಳು. ಬಹಳ ಮರ್ಯಾದೆಯ ಕಾಗದ. ನಮ್ಮ ದಾಖಲೆಯಲ್ಲಿ ಡಾರ್ಕಸ್ ಎಂಬ ಹೆಣ್ಣುಮಗಳು ಇರುವುದಿಲ್ಲ, ದಯವಿಟ್ಟು ಬೇರೆ ಕಡೆ ಹುಡುಕಿರಿ. ಜೊತೆಗೆ ನನ್ನ ವಂಶಾವಳಿಯ ಒಂದು ನಕಲು, ನವಿಲಿನ ಸಮೇತ.

ಆಮೇಲೆ ನನಗೆ ಊಟ ಸೇರಲಿಲ್ಲ. ಸ್ಮಿತಾ ಡಾಕ್ಟರ ಹತ್ತಿರ ಕರೆದೊಯ್ದಳು, ಡಾಕ್ಟರು ಹೊಟ್ಟೆಯ ಫೋಟೋ ತೆಗೆದರು. ಅಲ್ಲಿ ಏನು ಸಿಕ್ಕೀತು?

ಮೊಮ್ಮಗಳು ಅಮೂಲ್ಯಾ ವಾಷಿಂಗ್ಟನ್ ಹತ್ತಿರ ಮೇರಿಲ್ಯಾಂಡಿನಲ್ಲಿ ಓದುತ್ತಾಳೆ. ಬೇಸಿಗೆಯಲ್ಲಿ ಆಕೆಗೆ ಫೋನ್ ಮಾಡಿ, ಡಾರ್ಕಸ್ ಎಂಬಾಕೆಯನ್ನು ಹುಡುಕಿಕೊಡು ಎಂದೆ. ಗುಲಾಮಗಿರಿ ಮುಗಿದ ಮೇಲೆ ಆ ಜನರಿಗಾಗಿಯೇ ಒಂದು ಬ್ಯಾಂಕು ಇತ್ತಂತೆ. ಅದರ ರಜಿಸ್ಟರುಗಳು ಈಗ ವಾಷಿಂಗ್ಟನ್ನಿನ ದಫ್ತರಖಾನೆಯಲ್ಲಿವೆ. ಖಾತೆ ತೆರೆಯಲು ಬಂದವರ ಮನೆಮಂದಿಯ ಹೆಸರೆಲ್ಲ ಕೇಳಿ ಬರೆದುಕೊಳ್ಳುತ್ತಿದ್ದರಂತೆ. ಹತ್ತು ದಿನಕ್ಕೆ ಹುಡುಗಿಯ ಫೋನು.

“ಅಜ್ಜಾ! ಐ ಫೌಂಡ್ ಹರ್! ಚಾರ್ಲ್‌ಸ್ಟನ್ ಬ್ರ್ಯಾಂಚ್, 1871. ಡಾರ್ಕಸ್, ಟ್ವೆಂಟಿ ಫೋರ್, ಬಟ್ಟೆ ಒಗೀತಾಳೆ. ಫಾದರ್ ಐಸಾಕ್, ಮದರ್ ವೈನಿ. ಬ್ರದರ್ಸ್ ಪ್ರಿನ್ಸ್, ಜೇಕಬ್. ಅಜ್ಜಾ, ಆರ್ ಯು ದೇರ್?”

“ಓದವ್ವ.”

“ಸಿಸ್ಟರ್ ಹೆಸ್ಟರ್. ಆಮೇಲೆ ಸಣ್ಣದಾಗಿ ಬರ್ದಿದಾರೆ. ‘ಷಾರ್ಲೆಟ್ ಹತ್ತಿರ ಬಿಟ್ಟು ಬಂದಳು. ಮತ್ತೆ ನೋಡಿಲ್ಲ.’ ಅಜ್ಜಾ, ನಿನ್ನ ಚಾರ್ಟಲ್ಲಿ ಇವಳು ಯಾಕಿಲ್ಲ?”

ಯಾವ ಊರಿನ ಯಾವ ಗುಮಾಸ್ತನೋ. ಬಟ್ಟೆ ಒಗೆಯುವವಳು ಎದುರಿಗೆ ನಿಂತಿದ್ದಾಗ ‘ಅಕ್ಕತಂಗಿಯರು ಇದ್ದಾರೇನು?’ ಎಂದು ಕೇಳಿದ್ದಾನೆ, ಆಕೆ ಹೇಳಿದ್ದನ್ನು ಜಾಗ ಸಾಲದಿದ್ದರೂ ಸಣ್ಣಕ್ಷರದಲ್ಲಿ ತುರುಕಿದ್ದಾನೆ. ನಾನು ಅಮೂಲ್ಯಾಳಿಗೆ ಕುಕ್ಕರ್ ಕೂಗಿತು ಎಂದು ಹೇಳಿ ಫೋನಿಟ್ಟೆ.

ರಾಕ್ ಹಿಲ್‌ಗೆ ಹೋಗಬೇಕಿತ್ತು. ಇಲ್ಲಿ ಕಾರಿಲ್ಲದವನಿಗೆ ಕಾಲಿಲ್ಲ. ಸ್ಮಿತಾಳನ್ನು ಕೇಳಿದೆ.

“ಮಾವಾರ, ಈ ಸಲ ಏನ್ ಕಿತಾಪತಿ? ಫಸ್ಟ್ ಹೇಳ್ರಿ, ಆಮ್ಯಾಲ ಡ್ರೈವ್ ಮಾಡ್ತೀನಿ.”

“ಒಬ್ಬಾಕಿ ಹೆಸರು ಬಿಟ್ಟೀನವ್ವಾ.”

ದಾರಿಯುದ್ದಕ್ಕೂ ಹೇಳಿದೆ. ಸಿಗ್ನಲ್ ಹಸಿರಾದರೂ ಆಕೆ ಹೊರಡಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು.

“ನಮ್ಮ ಮನ್ಯಾಗೂ ಹಂಗ ಮಾಡ್ಯಾರ, ಮಾವಾರ. ಕಾಕಾ ವಾರಸಾ ಮಾಡಿಸೂಮುಂದ ನನ್ನ ಹೆಸರೂ ಇಲ್ಲ, ಅಕ್ಕನ ಹೆಸರೂ ಇಲ್ಲ. ಅಮೆರಿಕಾದಾಗ ಇದ್ದಾಕಿಗೆ ಎದಕ್ಕ ಅಂದ್ರಂತ. ಹೊಲ ಯಾರಿಗೆ ಬೇಕಾಗೇತ್ರಿ? ಆದ್ರ ನಮ್ಮಪ್ಪಗ ಮಕ್ಕಳ ಇದ್ದಿದ್ದಿಲ್ಲ ಅಂತ ಬರದಾರ. ಹಂಗಾರ ನಾ ಯಾರು?”

ಆ ಕಾಕಾನ ಊರಿನ ತಲಾಟಿ ನಾನಲ್ಲ. ಆದರೂ ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಕ್ಲಿಯೋರಾ ಜಗಲಿಯ ಕುರ್ಚಿಯಲ್ಲಿ ಕೂತಿದ್ದಳು. ಒಣಗಿದ ಕಡ್ಡಿಯಂಥ ಮೈ, ದನಿ ಮಾತ್ರ ಗಂಟೆ. ಅಮೂಲ್ಯಾ ಕಳಿಸಿದ್ದ ಬ್ಯಾಂಕಿನ ಹಾಳೆ ಕೊಟ್ಟೆ. ಸ್ಮಿತಾಳ ಕೈಲಿ ಒಳಗಿಂದ ಭೂತಗನ್ನಡಿ ತರಿಸಿ ಓದಿದಳು. ‘ಮತ್ತೆ ನೋಡಿಲ್ಲ’ ಎಂಬಲ್ಲಿಗೆ ಬಂದು ಹಾಳೆಯನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಎರಡೂ ಕೈ ಇಟ್ಟಳು. ಆಮೇಲೆ ಕೇಳಿದಳು.

“ನನಗ ಕಳಿಸಿದ್ರಲ್ಲ, ನವಿಲಿನ ಕಾಗದ. ಅದನ್ನ ಬರದಾವರು ಯಾರು?”

“ನಾನ.”

“ಇಕಿ ಅದರಾಗ ಯಾಕಿಲ್ಲ?”

ಬಾಯಿಗೆ ಒಂದು ಚೇಷ್ಟೆಯ ಮಾತು ಬಂತು. ನವಿಲಿಗೆ ಜಾಗ ಬೇಕಾಗಿತ್ತು ಎಂದೆ. ಸ್ಮಿತಾ ಕಣ್ಣು ಮುಚ್ಚಿಕೊಂಡಳು. ಕ್ಲಿಯೋರಾ ನಗಲಿಲ್ಲ, ಸಿಟ್ಟಾಗಲೂ ಇಲ್ಲ. “ನಾ ಕಾಯಾಕತ್ತೀನಿ” ಎಂದಳು.

ಆಗ ಹೇಳಿದೆ. ಲೂಥರಜ್ಜ ಹೇಳಿದ್ದು, ನಾನು ಕೇಳಿದ್ದು, ಬರೆಯದ್ದು. ನಮ್ಮ ಕಡೆ ಕೊಟ್ಟ ಹೆಣ್ಣಿನ ಹೆಸರು ತವರಿನ ಕಾಗದಕ್ಕೆ ಹಚ್ಚುವುದಿಲ್ಲ, ಅದೇ ರೂಢಿಯಲ್ಲಿ ಕೈ ನಿಂತಿತು ಎಂದೆ.

“ಕೊಟ್ಟ ಹೆಣ್ಣು,” ಎಂದಳು ಆಕೆ. “ಕೊಟ್ಟಾವರು ಯಾರು? ಆಕಿ ಅವರ ಕೈಯಾಗಿನ ವಸ್ತು ಆಗಿದ್ಲೇನು ಕೊಡಾಕ?”

ಹಾಳೆಯನ್ನು ಮಡಚಿ ನನ್ನ ಕೈಗೇ ವಾಪಸು ಕೊಟ್ಟಳು.

“ಈ ಹಾಳಿ ತಗೊಂಡು ನಾ ಅವರ ಬಾಗಲಾ ಬಡ್ಯಾಂಗಿಲ್ಲ. ಒಮ್ಮೆ ಬಡದೀನಿ. ಬಿಟ್ಟಾವರು ನೀವು, ನೀವ ಹೇಳ್ರಿ. ಎಲ್ಲಾರ ಮುಂದ.”

ಆಗಸ್ಟ್ ಹನ್ನೆರಡರ ಶನಿವಾರ. ಒಂದು ಪಾರ್ಕಿನ ಚಪ್ಪರದ ಕೆಳಗೆ ಅರ್ನೆಸ್ಟೀನಕ್ಕನ ಮನೆತನದ ನೂರಾ ಮೂವತ್ತು ಜನ, ಎಲ್ಲರಿಗೂ ನೇರಳೆ ಬಣ್ಣದ ಟೀ ಶರ್ಟು, ಬೆನ್ನ ಮೇಲೆ ನನ್ನ ವಂಶಾವಳಿ ಅಚ್ಚಾಗಿದೆ. ಎತ್ತ ನೋಡಿದರೂ ಯಾರದೋ ಬೆನ್ನ ಮೇಲೆ ‘ಬೇರೆ ಯಾರೂ ಇರುವುದಿಲ್ಲ’. ನನಗೂ ಒಂದು ಕೊಟ್ಟಿದ್ದರು, ಧೋತರದ ಮೇಲೆ ಅದನ್ನೇ ತೊಟ್ಟು ಮೈಕಿನ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಜನ ನಗತೊಡಗಿದರು. ಹೋದ ವರ್ಷ ಇದೇ ಮೈಕಿನಲ್ಲಿ, ಊಟಕ್ಕೆ ಮೊದಲು ಗಂಡಸರೆಲ್ಲ ಹೆಂಡತಿಯ ಕಾಲು ಮುಟ್ಟಬೇಕೆಂದು ಭಾರತ ಸರಕಾರದ ಆದೇಶ ಬಂದಿದೆ ಎಂದು ಹೇಳಿದ್ದೆ, ಹನ್ನೊಂದು ಜನ ಮುಟ್ಟಿದ್ದರು.

‘ನಾನು ಸುಳ್ಳು ಬರೆದಿದ್ದೇನೆ’ ಎಂದೆ. ಇನ್ನೂ ನಕ್ಕರು. ‘ಲೂಥರ್ ಹೇಳಿದ್ದನ್ನು ಬಿಟ್ಟೆ. ಹೆಸ್ಟರಳಿಗೆ ಒಬ್ಬ ಅಕ್ಕ ಇದ್ದಳು.’ ಮುಂದಿನ ಸಾಲಿನವರ ನಗು ನಿಂತಿತು, ಹಿಂದಿನವರದು ನಿಲ್ಲಲು ಇನ್ನಷ್ಟು ಹೊತ್ತು ಬೇಕಾಯಿತು. ಬ್ಯಾಂಕಿನ ಹಾಳೆಯನ್ನು ಅರ್ನೆಸ್ಟೀನಕ್ಕನ ಕೈಗೆ ಕೊಟ್ಟೆ. ಆಕೆ ಓದಿದಳು. ಗಣಿತದವಳಲ್ಲವೇ, ಎರಡು ಸಲ ಓದಿ ತಾಳೆ ನೋಡಿದಳು. ಆಮೇಲೆ ಮೈಕು ಬೇಡವೆಂದು ಪಕ್ಕಕ್ಕೆ ಸರಿಸಿ ಮೆಲ್ಲಗೆ ಕೇಳಿದಳು.

“ಒಂದ ಪ್ರಶ್ನಿ. ನನ್ನ ಅಡಗಿಮನ್ಯಾಗ ನಾ ಕೇಳಿದಾಗ ನಿಮಗ ಗೊತ್ತಿತ್ತು?”

“ಗೊತ್ತಿತ್ತು.”

ಆಕೆ ಸೋದರಳಿಯನನ್ನು ಕರೆದು ಕಾರು ತೆಗೆಸಿ ರಾಕ್ ಹಿಲ್ ಕಡೆ ಹೊರಟಳು. ಸುಟ್ಟ ಮಾಂಸ, ಜೋಳದ ರೊಟ್ಟಿ, ಎಲ್ಲ ಮೇಜಿನ ಮೇಲೆ ಹಾಗೆಯೇ ಇತ್ತು, ಹಿರಿಯಳು ಪ್ರಾರ್ಥನೆ ಮಾಡದೆ ಯಾರೂ ಮುಟ್ಟುವ ಹಾಗಿಲ್ಲ. ಎರಡೂಕಾಲು ತಾಸು ಕಾದರು. ಮಕ್ಕಳು ಅತ್ತವು. ನನ್ನ ಹತ್ತಿರ ಯಾರೂ ಕೂರಲಿಲ್ಲ, ಸ್ಮಿತಾ ಒಬ್ಬಳು ಬಂದು ಕೂತಳು.

ಕಾರಿನಿಂದ ಅರ್ನೆಸ್ಟೀನಕ್ಕ, ಸೋದರಳಿಯ ಇಬ್ಬರೇ ಇಳಿದರು. ಕ್ಲಿಯೋರಾ ಬಾಗಿಲು ತೆಗೆದಳಂತೆ, ಕೂರಿಸಿದಳಂತೆ, ಕೈ ಹಿಡಿದುಕೊಂಡಳಂತೆ. ಆದರೆ ಬರಲಿಲ್ಲ. “ಅರ್ಧಾ ಮುಗದ ಹಬ್ಬಕ್ಕ ನಾ ಬರಾಂಗಿಲ್ಲ. ಬರೂ ವರ್ಷ ಡಾರ್ಕಸ್ ಹೆಸರು ಬರದು ಕರೀರಿ. ಇದ್ರ ಬರ್ತೀನಿ” ಎಂದಳಂತೆ.

ಅರ್ನೆಸ್ಟೀನಕ್ಕ ಪ್ರಾರ್ಥನೆ ಮಾಡಿದಳು, ಎಲ್ಲರೂ ತಣ್ಣಗಾದದ್ದನ್ನು ತಿಂದರು. ಹೊರಡುವಾಗ ನನ್ನ ಹತ್ತಿರ ಬಂದು ನಿಂತಳು. “ಆಕಿ ಒಂದು ವರ್ಷ ಇರ್ಲಿ ಅಂತ ಬೇಡಿಕೊಳ್ರಿ, ಮಿಸ್ಟರ್ ಗುರು. ಆಕಿಗಿಂತ ನಮ್ಮಿಬ್ಬರಿಗೆ ಆ ವರ್ಷ ಬೇಕು. ಅಲ್ಲೀತನಕ ನನ್ನ ಮನೀಗೆ ಬರಬ್ಯಾಡ್ರಿ.”

ಅಂದಿನಿಂದ ಲೈಬ್ರರಿಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ. ಆಕೆ ಕಿಟಕಿಯ ಕಡೆಗೆ ಹೋಗಿ ಕೂರುತ್ತಾಳೆ. ನಾನು ವಾರಕ್ಕೊಮ್ಮೆ ರಾಕ್ ಹಿಲ್‌ಗೆ ಫೋನ್ ಮಾಡುತ್ತೇನೆ. ಕ್ಲಿಯೋರಾ ಎತ್ತಿ, “ಇನ್ನೂ ಅದೀನಿ” ಎಂದು ಇಡುತ್ತಾಳೆ.

ಶ್ರೀದೇವಿಗೂ ಆಕೆಯ ಮಗಳಿಗೂ ನನ್ನ ಆಶೀರ್ವಾದ ತಿಳಿಸು. ಆ ಹುಡುಗಿಗೆ ಒಳ್ಳೆಯ ಮನೆ ಸಿಗಲಿ. ಹೋದ ಮನೆಯಲ್ಲೂ ಹುಟ್ಟಿದ ಮನೆಯಲ್ಲೂ ಆಕೆಯ ಹೆಸರು ಇರಲಿ. ನಿನ್ನ ಮೊಣಕಾಲು ನೋವಿಗೆ ಸ್ಮಿತಾ ಒಂದು ಮುಲಾಮು ಕಳಿಸುತ್ತಿದ್ದಾಳೆ, ನನ್ನ ಮೇಲಿನ ಸಿಟ್ಟಿಗೆ ಅದನ್ನು ಬಿಸಾಡಬೇಡ. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಗುರುಸಿದ್ದಪ್ಪ

ತಾ.ಕ.: ಮೇಲೆ ಒಂದು ಕಡೆ, ಅಪ್ಪ ನಿನ್ನ ಹೆಸರು ಹಾಕಿಸಲಿಲ್ಲ ಎಂದು ಬರೆದೆ. ಮೂವತ್ತನಾಲ್ಕು ವರ್ಷದಿಂದ ಬಾಯಿಗೆ ರೂಢಿಯಾದ ಮಾತು, ಕೈಗೂ ಬಂತು. ಆ ದಿನ ಚಾವಡಿಯಲ್ಲಿ ನೀನು ಕಾಗದ ಹಿಡಿದು ಕೇಳಿದಾಗ ‘ಅಪ್ಪಂದ ಮಾತು’ ಎಂದೆನಲ್ಲ, ಅದು ಸುಳ್ಳು. ಕಾಗದ ಬರೆದವನು ನಾನು, ಪಕ್ಕದ ಊರಿನ ತಲಾಟಿಯಿಂದ ಸಹಿ ಹಾಕಿಸಿದವನು ನಾನು. ‘ಒಬ್ಬನೇ ಮಗ, ಬೇರೆ ಯಾರೂ ಇರುವುದಿಲ್ಲ.’ ಅಪ್ಪನ ಎರಡೂ ಕಣ್ಣಿಗೆ ಆಗ ಪೊರೆ ಬಂದಿತ್ತು. ಹೆಬ್ಬೆಟ್ಟಿಗೆ ಶಾಯಿ ಹಚ್ಚಿದರೂ ಒತ್ತಲಿಲ್ಲ, “ನೀಲಿ ಹೆಸರು ಬರದೀಯೇನಪಾ? ಓದು” ಎಂದ. ನಾನು ಕಾಗದವನ್ನು ಎದುರಿಗೆ ಹಿಡಿದು ಓದಿದೆ: ಮಗ ಗುರುಸಿದ್ದಪ್ಪ, ಮಗಳು ನೀಲಗಂಗಾ. ಅವನು ನಕ್ಕ. “ಇನ್ನೊಮ್ಮೆ ಓದು” ಎಂದ. ಇನ್ನೊಮ್ಮೆ ಓದಿದೆ. ಆಮೇಲೆ ಒತ್ತಿದ.